ಒಂದು ಪೆಟ್ಟು, ಒಂದು ಹುಸಿ

2021ರ ಆಗಸ್ಟ್ 24ರ ರಾತ್ರಿ. ಹಾಲಿಗೆ ಹೆಪ್ಪು ಹಾಕಿ ಅಡುಗೆಮನೆಯ ದೀಪ ಆರಿಸುವ ಹೊತ್ತಿಗೆ ತಮ್ಮನ ಮಗನಿಂದ ವಾಟ್ಸಾಪ್ ಬಂತು: ‘ಅತ್ತೆ, ನಿಮ್ಮ ಡ್ರಮ್ಮರ್ ಹೋಗ್ಬಿಟ್ರಂತೆ.’ ಕೆಳಗೊಂದು ಫೋಟೊ. ಬೆಳ್ಳಗಾದ ತಲೆ, ಬಿಗಿದ ತುಟಿ, ಒಪ್ಪವಾಗಿ ಹೊಲಿಸಿದ ಕೋಟು. ರೋಲಿಂಗ್ ಸ್ಟೋನ್ಸ್ ತಂಡದಲ್ಲಿ 1963ರ ಜನವರಿಯಿಂದ ಡ್ರಮ್ಸ್ ಬಾರಿಸಿಕೊಂಡು ಬಂದಿದ್ದ ಚಾರ್ಲಿ ವಾಟ್ಸ್ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದರು. 80 ವರ್ಷ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು? ಅವರೊಂದಿಗೆ ನಾನು ಮಾತಾಡಿದ್ದಿಲ್ಲ. ನಾನೊಬ್ಬಳು ಇದ್ದೇನೆ ಎಂಬುದೂ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಕತ್ತಲಲ್ಲಿ ಒಲೆಕಟ್ಟೆಯ ಮುಂದೆ ನಿಂತಿದ್ದವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಲ್ಲಿನ ಮೇಲೆ ಲೆಕ್ಕ ಹಿಡಿದವು. ಒಂದು ಪೆಟ್ಟು, ಒಂದು ಹುಸಿ. ಒಂದು ಪೆಟ್ಟು, ಒಂದು ಹುಸಿ. ಆ ಲೆಕ್ಕವನ್ನು ನಾನು ಕಲಿತದ್ದು ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಹಳೆಯ ಮನೆಯಲ್ಲಿ, ನಡುಮನೆಯ ಬಾಗಿಲ ಹಿಂದೆ ನಿಂತು.

ಅಪ್ಪನನ್ನು ‘ಅಣ್ಣ’ ಎಂದು ಕರೆಯುವ ಮನೆ ನಮ್ಮದು. ಅಣ್ಣ ಹಗಲು ಸರ್ಕಾರಿ ಕಚೇರಿಯ ಗುಮಾಸ್ತರು, ಸಂಜೆ ಮೃದಂಗದ ವಿದ್ವಾಂಸರು. ದೊಡ್ಡ ಸಭೆಗಳ ವೇದಿಕೆ ಅವರಿಗೆ ದಕ್ಕಲಿಲ್ಲ. ಹರಿಕಥೆ, ಮದುವೆಮನೆ, ದೇವಸ್ಥಾನದ ಉತ್ಸವ, ಬೀದಿಯ ಗಣೇಶ, ಇಷ್ಟರಲ್ಲೇ ಅವರ ವಿದ್ಯೆ ನಡೆಯಿತು. ರಾಮನವಮಿ ಬಂತೆಂದರೆ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. 1939ರಲ್ಲಿ ಶುರುವಾಗಿ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಯುತ್ತಿದ್ದ ಸಂಗೀತೋತ್ಸವಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಮೃದಂಗದ ಸರದಿಯಾದ ತನಿ ಆವರ್ತನ ಶುರುವಾದೊಡನೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆದಿತಾಳ ನನಗೆ ಬಂದದ್ದು ಅವರ ತೊಡೆಯನ್ನು ನೋಡಿ. ಒಂದು ಪೆಟ್ಟು, ಮೂರು ಬೆರಳು. ಒಂದು ಪೆಟ್ಟು, ಒಂದು ಹುಸಿ. ಒಂದು ಪೆಟ್ಟು, ಒಂದು ಹುಸಿ. ಅಂಗೈ ಮೇಲೆ ಮಾಡಿ ಸದ್ದಿಲ್ಲದೆ ಕಳೆಯುವ ಆ ಎಣಿಕೆಗೆ ಹುಸಿ ಎಂಬ ಹೆಸರು ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ಸದ್ದು ಹುಸಿ, ಕಾಲ ಹುಸಿಯಲ್ಲ’ ಎಂದಿದ್ದರು. ಆಗ ಅರ್ಥವಾಗಿರಲಿಲ್ಲ.

ಅಣ್ಣ ತಮ್ಮನಿಗೆ ಮೃದಂಗ ಹೇಳಿಕೊಟ್ಟರು. ನನ್ನನ್ನು ಹಾಡುಗಾರಿಕೆಗೆ ಎರಡು ಬೀದಿ ಆಚೆಯ ಟೀಚರ ಮನೆಗೆ ಕಳಿಸಿದರು. ಹೆಂಗಸರ ಕಚೇರಿಗೆ ಪಕ್ಕವಾದ್ಯ ನುಡಿಸಲೂ ಒಪ್ಪದ ಹಿರಿಯ ವಿದ್ವಾಂಸರು ಇದ್ದ ಕಾಲ ಆಗಷ್ಟೇ ಕಳೆದಿತ್ತು. ಹುಡುಗಿಯೊಬ್ಬಳು ಕಾಲು ಮಡಿಸಿ ಕೂತು ಚರ್ಮವಾದ್ಯ ಬಾರಿಸುವುದು ನಮ್ಮ ಮನೆಯಲ್ಲಿ ಯಾರ ಕಲ್ಪನೆಗೂ ಬಂದಿರಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಬೇಕು ಎಂದು ನಾನು ಕೇಳಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ.

ಆದರೆ ರವೆ ಕಲಸುವ ಕೆಲಸ ನನ್ನದು. ಕಚೇರಿಗೆ ಮುಂಚೆ ಮೃದಂಗದ ಎಡಭಾಗಕ್ಕೆ ರವೆಯ ಕಣಕ ಮೆತ್ತಬೇಕು. ಆ ಭಾರ ಬಿದ್ದರೇನೇ ಅದಕ್ಕೆ ಗಂಭೀರವಾದ ನಾದ. ಸಣ್ಣ ರವೆಗೆ ಎಷ್ಟು ನೀರು ಬೇಕು, ಎಷ್ಟು ನಾದಿದರೆ ಅದು ಕೈಗೆ ಅಂಟದೆ ಚರ್ಮಕ್ಕೆ ಅಂಟುತ್ತದೆ, ಒದ್ದೆ ಬಟ್ಟೆಯಿಂದ ಚರ್ಮವನ್ನು ಎಷ್ಟು ಒರೆಸಬೇಕು, ಇದೆಲ್ಲ ಎಂಟನೇ ವಯಸ್ಸಿಗೇ ನನಗೆ ಗೊತ್ತಿತ್ತು. ಬಿಲ್ಲೆಯಂತೆ ತಟ್ಟಿ ಅಣ್ಣನ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ನಡುಮಧ್ಯಕ್ಕೆ ಒತ್ತಿ, ಅಂಚು ಸವರಿ, ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದರು. ‘ತೋಂ’ ಎಂದು ಬಂದರೆ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ತಿಂಗಳಲ್ಲಿ ಮೂರು ದಿನ ಆ ಕೆಲಸವೂ ಇಲ್ಲ. ಹಿತ್ತಿಲ ಕೋಣೆಯಲ್ಲಿ ಕೂತು ತಮ್ಮ ತಪ್ಪುವುದನ್ನು ಕೇಳುತ್ತಿದ್ದೆ. ಅವನಿಗೆ ಮನಸ್ಸಿರಲಿಲ್ಲ, ಲೆಕ್ಕ ಜಾರುತ್ತಿತ್ತು. ಜಾರಿದ ಜಾಗ ನನಗೆ ಅವನಿಗಿಂತ ಮೊದಲೇ ತಿಳಿಯುತ್ತಿತ್ತು.

1985ರಲ್ಲಿ, ಡಿಗ್ರಿ ಮುಗಿದ ಮೇಲೆ, ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆ ಒಂದು ಸಣ್ಣ ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕನ್ನಡ ಜಾಹೀರಾತುಗಳ ಕರಡು ತಿದ್ದುವ ಕೆಲಸ. ಆಗಿನ ಬೆಂಗಳೂರು ನಿಜಕ್ಕೂ ಎರಡು ಊರು. ಬೆಳಗ್ಗೆ ಮನೆ ಬಿಟ್ಟು, ಮಾರ್ಕೆಟ್ಟಿನಲ್ಲಿ ಬಿಟಿಎಸ್ ಬಸ್ ಬದಲಿಸಿ, ಕಬ್ಬನ್ ಪಾರ್ಕಿನ ಮರಗಳು ಹಿಂದೆ ಸರಿದವೆಂದರೆ ಭಾಷೆ, ಉಡುಪು, ಊಟದ ವಾಸನೆ ಎಲ್ಲವೂ ಬೇರೆ. ಪೇಟೆಯ ಕಡೆಯವರು ಅಲ್ಲಿಗೆ ಹೋಗುವುದೇ ಅಪರೂಪ. ಎರಡು ಜಡೆ ಬಿಟ್ಟು ಒಂದು ಜಡೆಗೆ ಬಂದಿದ್ದ ನಾನು ಮೊದಲ ವಾರವೆಲ್ಲ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲೂ ಸಂಕೋಚಪಟ್ಟೆ.

ನನ್ನ ಮೇಜು ಪೇಸ್ಟ್-ಅಪ್ ಕೋಣೆಯಲ್ಲಿತ್ತು. ಫೋಟೊಟೈಪ್‌ಸೆಟ್ಟಿಂಗ್‌ನಿಂದ ಬ್ರೋಮೈಡ್ ಹಾಳೆಯಲ್ಲಿ ಅಕ್ಷರ ಬರುತ್ತಿತ್ತು. ಒತ್ತಕ್ಷರ ತಪ್ಪಿದ್ದರೆ ಇನ್ನೊಂದು ಹಾಳೆಯಿಂದ ಸರಿಯಾದ ಒತ್ತನ್ನು ಬ್ಲೇಡಿನಲ್ಲಿ ಕತ್ತರಿಸಿ, ರಬ್ಬರ್ ಸಲ್ಯೂಷನ್ ಹಚ್ಚಿ ಅಂಟಿಸಬೇಕು. ಸಾಸಿವೆ ಕಾಳಿನಷ್ಟು ಚೂರು ಅದು. ತಪ್ಪು ಹುಡುಕುವುದು ನಾನು, ಅಂಟಿಸುವುದು ಹಿರಿಯ ಆರ್ಟಿಸ್ಟ್. ಅವರು ಕಾಕ್ಸ್‌ಟೌನ್ ಕಡೆಯ ಆಂಗ್ಲೋ-ಇಂಡಿಯನ್, ಐವತ್ತು ದಾಟಿದವರು. ಕನ್ನಡ ಓದಲು ಬಾರದಿದ್ದರೂ ಕನ್ನಡದ ಅಕ್ಷರಗಳನ್ನು ಅವರಷ್ಟು ಮಮತೆಯಿಂದ ಮುಟ್ಟಿದವರನ್ನು ನಾನು ಕಂಡಿಲ್ಲ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರು ನನ್ನನ್ನು ಚೈಲ್ಡ್ ಎನ್ನುತ್ತಿದ್ದರು. ಮೇಜಿನ ಕೆಳಗೆ ಅವರದೊಂದು ಟು-ಇನ್-ವನ್, ರೇಡಿಯೊ ಕ್ಯಾಸೆಟ್ ಎರಡೂ ಇದ್ದದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಮೇಲೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅದರಿಂದ ಬಂದ ಸದ್ದಿಗೆ ನನ್ನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. ಮೊದಲು ಬರೀ ಗಂಟೆ. ಎತ್ತಿನ ಕೊರಳ ಗಂಟೆಯ ಮೇಲೆ ಕೋಲಿನಿಂದ ಹೊಡೆದಂಥ ಒಣ ಸದ್ದು, ಒಂಟಿಯಾಗಿ. ಅದರ ಹಿಂದೆಯೇ ಡ್ರಮ್ಸ್, ಆಮೇಲೆ ಗಿಟಾರ್. ಮೂವರೂ ಒಂದೇ ಕಾಲದಲ್ಲಿದ್ದರೂ ಒಬ್ಬೊಬ್ಬರೂ ಒಂದು ಕೂದಲೆಳೆಯಷ್ಟು ಆಚೀಚೆ. ನನ್ನ ಬಲಗೈ ಮೇಜಿನಡಿಯಲ್ಲಿ ತೊಡೆಗೆ ಬಂತು. ಎಣಿಸತೊಡಗಿದೆ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಯಲ್ಲಿ ಏನೋ ಒಂದು ಇರಲಿಲ್ಲ. ಏನು ಇರಲಿಲ್ಲ ಎಂದು ತಿಳಿಯಲಿಲ್ಲ, ಇಲ್ಲ ಎಂಬುದು ಮಾತ್ರ ಚೆನ್ನಾಗಿ ಕೇಳಿಸಿತು.

ಮುಗಿದ ಮೇಲೆ ‘ಇನ್ನೊಂದ್ಸಲ ಹಾಕ್ತೀರಾ ಅಂಕಲ್’ ಎಂದೆ. ಆ ಕೋಣೆಯಲ್ಲಿ ನಾನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಅದು ‘ಹಾಂಕಿ ಟಾಂಕ್ ವಿಮೆನ್’. ಇಂಗ್ಲೆಂಡಿನಲ್ಲಿ 1969ರ ಜುಲೈ 4ರಂದು ಹೊರಬಂದ ಹಾಡು. ತಂಡವನ್ನು ಕಟ್ಟಿದ ಬ್ರಯಾನ್ ಜೋನ್ಸ್ ತಮ್ಮ ಮನೆಯ ಈಜುಕೊಳದಲ್ಲಿ ಸತ್ತದ್ದು ಅದರ ಹಿಂದಿನ ದಿನ. ಗಂಟೆ ಬಾರಿಸಿದವರು ನಿರ್ಮಾಪಕ ಜಿಮ್ಮಿ ಮಿಲ್ಲರ್. ಇದನ್ನೆಲ್ಲ ನನಗೆ ಹೇಳಿದವರು ಅಂಕಲ್. ಮರುದಿನ ಅವರು ಒಂದು ಎಲ್‌ಪಿ ತಂದರು. ಅದರ ಲಕೋಟೆಗೆ ಎಂಟು ಮೂಲೆ. ಲಂಡನ್ನಿನಲ್ಲಿದ್ದ ಅವರ ಅಣ್ಣ ಕಳಿಸಿದ್ದಂತೆ. ನಾನು ಎರಡೂ ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟೆ. ಒಂದು ವಾರದ ಮೇಲೆ ಅದರ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ನನ್ನ ಮೇಜಿನ ಮೇಲಿಟ್ಟಿದ್ದರು.

ಎರಡನೆಯ ಮತ್ತು ನಾಲ್ಕನೆಯ ಎಣಿಕೆಯಲ್ಲಿ ಇಲ್ಲದಿದ್ದದ್ದು ಏನು ಎಂಬುದನ್ನೂ ಅವರೇ ತೋರಿಸಿದರು. ಎರಡು ಪೆನ್ಸಿಲ್ ಹಿಡಿದು, ರಬ್ಬರ್ ಸಲ್ಯೂಷನ್ ಡಬ್ಬಿಯನ್ನು ಹೈ-ಹ್ಯಾಟ್ ತಟ್ಟೆ ಮಾಡಿ, ಟಿಫಿನ್ ಡಬ್ಬಿಯನ್ನು ಸ್ನೇರ್ ಮಾಡಿ ಬಾರಿಸಿದರು. ಸಾಮಾನ್ಯವಾಗಿ ಡ್ರಮ್ಸ್ ಬಾರಿಸುವವರು ಬಲಗೈಯಲ್ಲಿ ಹೈ-ಹ್ಯಾಟನ್ನು ಎಡೆಬಿಡದೆ ನಡೆಸುತ್ತಾರೆ. ಎಡಗೈ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಮೇಲೆ ಬೀಳುವಾಗ ಬಲಗೈಯೂ ಜೊತೆಗೇ ಬೀಳುತ್ತದೆ. ಚಾರ್ಲಿ ಮಾತ್ರ ಆ ಗಳಿಗೆಗೆ ಬಲಗೈಯನ್ನು ಎತ್ತಿಬಿಡುತ್ತಾರೆ. ತಟ್ಟೆ ಸುಮ್ಮನಾಗುತ್ತದೆ, ಸ್ನೇರ್ ಒಂದೇ ನಿಲ್ಲುತ್ತದೆ. ‘ನೋಡು ಚೈಲ್ಡ್, ಕೈ ಮೇಲೆ ಹೋಗ್ತದೆ, ಏನೂ ಮಾಡೋದಿಲ್ಲ. ಅಲ್ಲೇ ಇರೋದು ಅವನ ಮ್ಯಾಜಿಕ್.’ ಮೇಲಕ್ಕೆ ಹೋಗಿ ಏನೂ ಮಾಡದೆ ಬರುವ ಆ ಕೈಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದಕ್ಕೆ ನಮ್ಮ ಮನೆಯಲ್ಲಿ ಹೆಸರಿತ್ತು.

ಅಲ್ಲಿಂದ ನನಗೆ ಹಿಡಿದದ್ದು ಭಕ್ತಿಯೇ. ಬೇರೆ ಪದ ಇಲ್ಲ. ಮೊದಲ ಮೂರು ಸಂಬಳದಲ್ಲಿ ಉಳಿಸಿ ನನ್ನದೇ ಒಂದು ಟು-ಇನ್-ವನ್ ಕೊಂಡೆ. ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ರಾಶಿ ಕೆದಕಿ, ತಂಡದ ಬಗ್ಗೆ ಒಂದು ಪ್ಯಾರಾ ಇದ್ದರೂ ಕೊಂಡು ತಂದು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ರಾತ್ರಿ ಶಾರ್ಟ್‌ವೇವ್‌ನಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಹಿಡಿದು, ಅಲೆಯಂತೆ ಬಂದು ಹೋಗುವ ಧ್ವನಿಯಲ್ಲಿ ಅವರ ಹಾಡು ಬರುತ್ತದೋ ಎಂದು ಕಾಯುತ್ತಿದ್ದೆ. ತಂಡದ ಹಾಡುಗಾರ ಮಿಕ್ ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್ 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮತ್ತೆ ಕೂಡಿದ್ದು, ಮಿಕ್ ಕಂಕುಳಲ್ಲಿದ್ದ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡುಗಳನ್ನು ಕಂಡು ಮಾತು ಬೆಳೆದದ್ದು, ಇದು ನನಗೆ ಪುರಾಣದ ಪ್ರಸಂಗದಂತೆ ಬಾಯಿಪಾಠವಾಯಿತು. ತಂಡದ ಹೆಸರೇ ಮಡ್ಡಿ ವಾಟರ್ಸರ 1950ರ ಹಾಡಿನಿಂದ ಬಂದದ್ದು. 1965ರಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದು ಕರೆದಾಗ ಅಲ್ಲಿನ ಕಪ್ಪು ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕೆಂದು ಪಟ್ಟು ಹಿಡಿದು, ಅವರು ಹಾಡುವಾಗ ಕಾಲ ಬಳಿ ಕೂತು ಕೇಳಿದ ಹುಡುಗರು ಈ ತಂಡದವರು. ಗುರುವಿನ ಕಾಲ ಬಳಿ ಕೂರುವುದು ನನಗೆ ಚೆನ್ನಾಗಿ ಅರ್ಥವಾಗುವ ದೃಶ್ಯವಾಗಿತ್ತು.

ನಮ್ಮ ಕಡೆಯ ನಾದವನ್ನೂ ಅವರಲ್ಲಿ ಹುಡುಕಿದೆ. 1966ರ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿನಲ್ಲಿ ಬ್ರಯಾನ್ ಜೋನ್ಸ್ ಸಿತಾರ್ ನುಡಿಸಿದ್ದರು. ರವಿಶಂಕರರ ಶಿಷ್ಯ ಹರಿಹರ ರಾವ್ ಅವರಿಂದ ಆ ವಾದ್ಯದ ಮಾರ್ಗದರ್ಶನ ಪಡೆದಿದ್ದರು. ಆದರೆ ನನಗೆ ಹೆಚ್ಚು ಬೆರಗಾದದ್ದು ಕೀತ್ ಅವರ ಗಿಟಾರ್. ಒಂದು ಶನಿವಾರ ಅಂಕಲ್ ತಮ್ಮ ಗಿಟಾರ್ ತಂದು, ದಪ್ಪನೆಯ ಆರನೇ ತಂತಿಯನ್ನು ಬಿಚ್ಚಿಟ್ಟು, ಉಳಿದ ಐದನ್ನು ಕೀತ್ ಶ್ರುತಿ ಮಾಡುವಂತೆ ತಿರುವಿದರು. ಬೆರಳಿಡದೆ ಒಮ್ಮೆ ಮೀಟಿದರು. ನಾನು ಕಣ್ಣು ಮುಚ್ಚಿ ಕೇಳಿ, ‘ಅಂಕಲ್, ಇದು ಷಡ್ಜ, ಪಂಚಮ, ಷಡ್ಜ, ಗಾಂಧಾರ, ಪಂಚಮ. ತಂಬೂರಿ ಥರ ಇದೆ’ ಎಂದೆ. ಅವರು ಇನ್ನೊಮ್ಮೆ ಮೀಟಿದರು. ಇಬ್ಬರೂ ಮಾತಾಡಲಿಲ್ಲ. ಅಷ್ಟು ವರ್ಷ ಚರ್ಚಿನ ಕಾರ್ಯಕ್ರಮಗಳಲ್ಲಿ, ಮದುವೆ ಡ್ಯಾನ್ಸುಗಳಲ್ಲಿ ಆ ವಾದ್ಯ ನುಡಿಸಿದ್ದ ಅವರು, ಅಂದಿನಿಂದ ನಾನು ಹೇಳುವುದನ್ನು ಕಿವಿಗೊಟ್ಟು ಕೇಳತೊಡಗಿದರು. ಸಂಗೀತದ ವಿಷಯದಲ್ಲಿ ನನ್ನ ಮಾತನ್ನು ಹಾಗೆ ಕೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

1985ರ ಡಿಸೆಂಬರಿನಲ್ಲಿ ಇಯಾನ್ ಸ್ಟೂವರ್ಟ್ ತೀರಿಕೊಂಡರು. ಸುದ್ದಿ ನಮಗೆ ಸಿಕ್ಕಿದ್ದು ತಡವಾಗಿ, ಯಾವುದೋ ಪತ್ರಿಕೆಯಿಂದ. ಅವರು ತಂಡದ ಮೊದಲ ಪಿಯಾನೋ ವಾದಕರು. 1963ರಲ್ಲಿ ಮ್ಯಾನೇಜರ್ ಬಂದವನೇ ಅವರ ರೂಪ ತಂಡಕ್ಕೆ ಹೊಂದುವುದಿಲ್ಲ, ಆರು ಜನ ಹೆಚ್ಚಾಯಿತು ಎಂದು ಫೋಟೊದಿಂದ ಹೊರಗಿಟ್ಟ. ಅವರು ಬಿಟ್ಟು ಹೋಗಲಿಲ್ಲ. ವ್ಯಾನ್ ಓಡಿಸಿದರು, ವಾದ್ಯ ಹೊತ್ತರು, ಪಕ್ಕದಲ್ಲಿ ಕೂತು ಪಿಯಾನೋ ನುಡಿಸಿದರು, ಸಾಯುವವರೆಗೂ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಾವು ಕಟ್ಟಿದ್ದರಲ್ಲೇ ಹೊರಗಿನವರಾಗಿ, ಅದನ್ನೇ ಹೊತ್ತು ನಡೆದವರು. ಇಂಥವರನ್ನು ದೊಡ್ಡ ಮನಸ್ಸಿನವರು ಎಂದು ಹೊಗಳುವುದು ವಾಡಿಕೆ. ನಾನೂ ಆಗ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇವತ್ತು ಹಾಗೆ ಬರೆಯಲಾರೆ. ಹೊರಗಿಟ್ಟದ್ದು ಅನ್ಯಾಯ, ಅವರು ತಾಳಿಕೊಂಡರು ಎಂಬುದರಿಂದ ಅದು ನ್ಯಾಯವಾಗುವುದಿಲ್ಲ.

1986ರ ಬೇಸಿಗೆಯ ಒಂದು ರಾತ್ರಿ. ಮನೆಯವರೆಲ್ಲ ಮಲಗಿದ್ದಾರೆಂದುಕೊಂಡು ಹಿತ್ತಿಲ ಕೋಣೆಯಲ್ಲಿ ಸಣ್ಣಗೆ ಕ್ಯಾಸೆಟ್ ಹಾಕಿದ್ದೆ. ಅಣ್ಣ ನೀರು ಕುಡಿಯಲು ಎದ್ದವರು ಬಾಗಿಲಲ್ಲಿ ನಿಂತರು. ನಾನು ಆರಿಸಲು ಕೈ ಚಾಚಿದೆ. ‘ಇರಲಿ’ ಎಂದರು. ಹಾಡು ಮುಗಿಯುವವರೆಗೂ ಚೊಂಬು ಕೈಯಲ್ಲಿ ಹಿಡಿದು ನಿಂತೇ ಕೇಳಿದರು. ಅವರ ಹೆಬ್ಬೆರಳು ಚೊಂಬಿನ ಕಂಠದ ಮೇಲೆ ಸಣ್ಣಗೆ ಆಡುತ್ತಿತ್ತು.

‘ಇವನು ಯಾರು?’

‘ಚಾರ್ಲಿ ವಾಟ್ಸ್ ಅಂತ ಅಣ್ಣ. ಇಂಗ್ಲೆಂಡಿನವರು.’

‘ಅಷ್ಟು ಗದ್ದಲದಲ್ಲಿ ಇವನೊಬ್ಬ ಜಾಗ ಬಿಡ್ತಿದ್ದಾನೆ. ಬಿಡೋದು ಕಷ್ಟ ಕಣಮ್ಮ. ಬಾರಿಸೋದು ಯಾರು ಬೇಕಾದ್ರೂ ಕಲೀಬಹುದು.’

ನೀರು ಕುಡಿದು ಹೋಗಿ ಮಲಗಿದರು. ಯಾರು ಬೇಕಾದರೂ ಕಲಿಯಬಹುದು. ನಾನು ಎದ್ದು ಹೋಗಿ, ಹಾಗಾದರೆ ನನಗೇಕೆ ಹೇಳಿಕೊಡಲಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅಣ್ಣ ಕೆಟ್ಟವರಲ್ಲ. ತಾವು ಹುಟ್ಟಿ ಬೆಳೆದ ಲೋಕದ ಗೋಡೆ ಅವರ ಕಣ್ಣಿಗೆ ಗೋಡೆಯಾಗಿ ಕಂಡಿರಲೇ ಇಲ್ಲ. ದೂರದೇಶದ, ಹೆಸರೂ ಗೊತ್ತಿಲ್ಲದ ಒಬ್ಬನ ಕೈಯಲ್ಲಿ ಲಯವಿದೆಯೆಂದು ಕತ್ತಲಲ್ಲಿ ನಿಂತು ಗುರುತಿಸಿದ ಕಿವಿ, ಹತ್ತು ಹೆಜ್ಜೆಯಾಚೆ ಇಪ್ಪತ್ತು ವರ್ಷ ತಾಳ ಹಿಡಿದವಳನ್ನು ಗುರುತಿಸಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾದರೂ ಈ ಎರಡನ್ನೂ ಒಟ್ಟಿಗೇ ನೆನೆಯುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತದೆ.

ಚೆನ್ನೈಯಲ್ಲಿ ಕಲಿತು ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಘಟ ನುಡಿಸಿ ಹೆಸರಾದದ್ದು ನನಗೆ ತಿಳಿದದ್ದು ಎಷ್ಟೋ ತಡವಾಗಿ. ಹುಡುಗಿಯ ಕೈಗೆ ಘಟ ಕಷ್ಟ ಎಂಬ ಅನುಮಾನವನ್ನು ಅವರೂ ದಾಟಿ ಬರಬೇಕಾಯಿತಂತೆ. ಅವರ ಕಚೇರಿಯನ್ನು ಮೊದಲ ಸಲ ಕೇಳಿದ ದಿನ ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಇನ್ನು ನನ್ನ ಆರಾಧ್ಯ ತಂಡದ ಮಾತು. ಇಪ್ಪತ್ತರಲ್ಲಿ ನನಗೆ ಆ ಹಾಡುಗಳ ಇಂಗ್ಲಿಷ್ ಅರ್ಧ ಮಾತ್ರ ತಿಳಿಯುತ್ತಿತ್ತು. ಮೂವತ್ತರಲ್ಲಿ ಪೂರ್ತಿ ತಿಳಿಯಿತು. 1966ರ ‘ಅಂಡರ್ ಮೈ ಥಂಬ್’ ಎಂಬ ಹಾಡಿನಲ್ಲಿ ಹೆಣ್ಣನ್ನು ಹೆಬ್ಬೆರಳ ಕೆಳಗಿಟ್ಟು ಪಳಗಿಸಿದ ಹೆಮ್ಮೆ ಇದೆ. 1971ರ ‘ಬ್ರೌನ್ ಶುಗರ್’ ಗುಲಾಮರ ಹಡಗನ್ನೂ, ಕಪ್ಪು ಹೆಣ್ಣಿನ ಮೇಲೆ ಒಡೆಯ ನಡೆಸುವ ಕ್ರೌರ್ಯವನ್ನೂ ಕುಣಿಯುವ ರಾಗಕ್ಕೆ ಕೂರಿಸಿದ ಹಾಡು. ಅದನ್ನು ನಾನು ಪಾತ್ರೆ ತೊಳೆಯುತ್ತ ಗುನುಗಿದ್ದೇನೆ. ತಂಡವೇ ಆ ಹಾಡನ್ನು 2021ರ ಅಮೆರಿಕ ಪ್ರವಾಸದಲ್ಲಿ ಕೈಬಿಟ್ಟಿತು. ಐವತ್ತು ವರ್ಷ ಹಿಡಿಯಿತು. 1976ರ ‘ಬ್ಲ್ಯಾಕ್ ಅಂಡ್ ಬ್ಲೂ’ ಆಲ್ಬಮ್ಮಿಗೆ ಲಾಸ್ ಏಂಜಲೀಸಿನಲ್ಲಿ ನಿಲ್ಲಿಸಿದ್ದ ಜಾಹೀರಾತು ಫಲಕದಲ್ಲಿ, ಮೈಮೇಲೆ ಗಾಯದ ಕಲೆಗಳಿರುವ ಹೆಣ್ಣೊಬ್ಬಳನ್ನು ಹಗ್ಗದಲ್ಲಿ ಕಟ್ಟಿ ತೋರಿಸಿದ್ದರು. ಅಲ್ಲಿನ ಹೆಂಗಸರು ಬೀದಿಗಿಳಿದ ಮೇಲೆ ಅದನ್ನು ತೆಗೆದರು. ಜಾಹೀರಾತಿನ ಕೋಣೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದ ನನಗೆ ಗೊತ್ತು, ಅಂಥ ಫಲಕ ಯಾರೋ ಒಬ್ಬರ ತಪ್ಪಿನಿಂದ ಮೇಲೇರುವುದಿಲ್ಲ. ಎಷ್ಟೋ ಮೇಜು ದಾಟಿ, ಎಷ್ಟೋ ಸಹಿ ಬಿದ್ದು ಏರುತ್ತದೆ.

ಅವರು ಹಾಡಿದ ಸ್ವಾತಂತ್ರ್ಯ ಗಂಡಸರ ಸ್ವಾತಂತ್ರ್ಯ. ಅದು ನನಗೆಂದು ಮಾಡಿದ್ದಲ್ಲ. ಅವರು ಪೂಜಿಸಿದ ಕಪ್ಪು ಗುರುಗಳಿಗಿಂತ ಎಷ್ಟೋ ಪಾಲು ಹೆಚ್ಚು ಹೆಸರು, ಹಣ ಈ ಶಿಷ್ಯರಿಗೆ ಬಂತು ಎಂಬುದೂ ನಿಜ. ಇದನ್ನೆಲ್ಲ ತಿಳಿದ ಮೇಲೆ ಕೆಲವು ವರ್ಷ ಕ್ಯಾಸೆಟ್ಟುಗಳನ್ನು ಮುಟ್ಟಲಿಲ್ಲ.

ಮತ್ತೆ ಅವರ ಕಡೆಗೆ ನನ್ನನ್ನು ಕರೆತಂದದ್ದು ಒಬ್ಬ ಹೆಂಗಸಿನ ದನಿ. 1969ರ ‘ಗಿಮ್ಮಿ ಶೆಲ್ಟರ್’ ಹಾಡಿಗೆ ಹೆಣ್ಣುದನಿ ಬೇಕೆಂದು ಲಾಸ್ ಏಂಜಲೀಸಿನಲ್ಲಿ ಮೆರಿ ಕ್ಲೇಟನ್ ಅವರನ್ನು ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿ ಸ್ಟುಡಿಯೋಗೆ ಕರೆಸಿದರು. ತುಂಬು ಬಸುರಿ. ಕೆಲವೇ ಸಲ ಹಾಡಿ ಮನೆಗೆ ಹೋದರು. ಮೇಲಿನ ಸ್ವರಕ್ಕೆ ಏರುವಾಗ ಅವರ ದನಿ ಒಡೆಯುತ್ತದೆ. ಅದನ್ನು ಕೇಳಿ ಹಿಂದಿನಿಂದ ಮಿಕ್ ಉದ್ಗಾರ ತೆಗೆಯುವುದೂ ರೆಕಾರ್ಡಿನಲ್ಲಿ ಕೇಳಿಸುತ್ತದೆ. ಆಮೇಲೆ ಅವರ ಮಗು ಉಳಿಯಲಿಲ್ಲ. ಆಲ್ಬಮ್ಮಿನ ಲಕೋಟೆಯಲ್ಲಿ ಅವರ ಹೆಸರನ್ನು ಮೆರಿ ಎನ್ನುವ ಬದಲು ಮೇರಿ ಎಂದು ಅಚ್ಚು ಹಾಕಿದ್ದರು. ಒಂದು ಅಕ್ಷರದ ತಪ್ಪು. ಕರಡು ತಿದ್ದುವವಳಿಗೆ ಅದನ್ನು ನೋಡಿ ಸುಮ್ಮನಿರಲಾಗುವುದಿಲ್ಲ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಆ ಹೆಸರಿದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಆ ಹಾಡು ನಿಂತಿರುವುದು ಅವರ ದನಿಯ ಮೇಲೆ, ಆ ದನಿ ನಿಂತಿರುವುದು ಚಾರ್ಲಿಯ ಕೈಯ ಮೇಲೆ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೇ ಬಂದರು, ಅರಮನೆ ಮೈದಾನಕ್ಕೆ. ಅಂಕಲ್ ಅಷ್ಟು ಹೊತ್ತಿಗೆ ಮಗಳ ಜೊತೆ ಆಸ್ಟ್ರೇಲಿಯಾ ಸೇರಿದ್ದರು. ಅವರ ವಾರಿಗೆಯ ಎಷ್ಟೋ ಮನೆಗಳು ಹಾಗೆ ಖಾಲಿಯಾಗಿದ್ದವು. ನಾನೊಬ್ಬಳೇ ಹೋದೆ. ಮಳೆ ಬಂತು. ನೆಲವೆಲ್ಲ ಕೆಸರು, ಸೀರೆಯ ನೆರಿಗೆ ಕಾಲಿಗೆ ಅಂಟಿತ್ತು. ಸುತ್ತಲೂ ಕಾಲೇಜು ಹುಡುಗರು. ವೇದಿಕೆ ಬೆಳಗಿದೊಡನೆ ಎಲ್ಲರೂ ಮಿಕ್ ಕಡೆ ನೋಡಿ ಕೂಗಿದರು. ನಾನು ಹಿಂದಿನ ಸಾಲಿನಲ್ಲಿ ತುದಿಗಾಲ ಮೇಲೆ ನಿಂತು ಆ ಪುಟ್ಟ ಡ್ರಮ್ ಸೆಟ್ಟನ್ನು ಹುಡುಕಿದೆ. ಸಿಕ್ಕಿತು. 61 ವರ್ಷದ ಮನುಷ್ಯ, ನೆಟ್ಟಗೆ ಕೂತಿದ್ದರು, ಮುಖದಲ್ಲಿ ಪ್ರದರ್ಶನವೇ ಇಲ್ಲ. ಪರದೆಯ ಮೇಲೆ ಒಂದೆರಡು ಕ್ಷಣ ಅವರ ಕೈ ದೊಡ್ಡದಾಗಿ ಕಂಡಿತು. ಬಲಗೈ ಮೇಲೆ ಹೋಯಿತು. ಏನೂ ಮಾಡಲಿಲ್ಲ. ಕೆಳಗೆ ಬಂತು.

ಹದಿನೆಂಟು ವರ್ಷ ಕಿವಿಯಲ್ಲಿ ಕೇಳಿದ ಹುಸಿಯನ್ನು ಅಂದು ಕಣ್ಣಲ್ಲಿ ಕಂಡೆ. ಪಕ್ಕದಲ್ಲಿ ಅಣ್ಣ ಇರಬೇಕಿತ್ತು ಅನ್ನಿಸಿತು.

ಈಗ ಆ ದಂಡು ಇಲ್ಲ. ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸ್ ಇದ್ದ ಜಾಗದಲ್ಲಿ ಮೆಟ್ರೊ ನಿಲ್ದಾಣ. ಬ್ರಿಗೇಡ್ ರಸ್ತೆಯ ರೆಕ್ಸ್ ಮುಚ್ಚಿತು. ನಮ್ಮ ಸಂಸ್ಥೆಯಿದ್ದ ಹೆಂಚಿನ ಬಂಗಲೆ ಉರುಳಿ ಗಾಜಿನ ಕಟ್ಟಡ ಎದ್ದಿದೆ. ಒತ್ತಕ್ಷರವನ್ನು ಬ್ಲೇಡಿನಿಂದ ಕತ್ತರಿಸುವವರು ಯಾರೂ ಇಲ್ಲ. ತಮ್ಮನ ಮಗನ ಫೋನಿನಲ್ಲಿ ತಂಡದ ಎಲ್ಲ ಹಾಡುಗಳೂ ಇವೆ. ಒಂದು ಹಾಡಿಗಾಗಿ ವಾರಗಟ್ಟಲೆ ಶಾರ್ಟ್‌ವೇವ್ ಮುಂದೆ ಕಾಯುವ ಕಷ್ಟ ಅವನಿಗಿಲ್ಲ. ಇರಬೇಕೆಂದು ನಾನು ಬಯಸುವುದೂ ಇಲ್ಲ. 2023ರಲ್ಲಿ ಬಂದ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಚಾರ್ಲಿ ಬದುಕಿದ್ದಾಗ ಬಾರಿಸಿಟ್ಟದ್ದು ಇದೆ ಎಂದು ಹೇಳಿ ಅವನೇ ನನಗೆ ಕೇಳಿಸಿದ. ಯಾವ ಎರಡು ಎಂದು ಅವನು ಹೇಳುವ ಮೊದಲೇ ನಾನು ಹೇಳಿದೆ.

ಚಾರ್ಲಿ ಹೋದ ಮರುದಿನ ಬೆಳಗ್ಗೆ ತಮ್ಮನಿಗೆ ಫೋನ್ ಮಾಡಿ ಅಣ್ಣನ ಮೃದಂಗ ಎಲ್ಲಿದೆ ಎಂದು ಕೇಳಿದೆ. ಎಂಜಿನಿಯರಿಂಗ್ ಸೇರಿದ ವರ್ಷವೇ ಅವನು ಅದನ್ನು ಮುಚ್ಚಿಟ್ಟಿದ್ದ. ‘ಅಟ್ಟದ ಮೇಲಿದೆ ಅಕ್ಕ. ಯಾಕೆ?’ ಎಂದ. ‘ನನಗೆ ಬೇಕು’ ಎಂದೆ. ಐವತ್ತಾರು ವರ್ಷದಲ್ಲಿ ಈ ಎರಡು ಪದ ಹೇಳಲು ನನಗೆ ಒಬ್ಬ ದೂರದ ಮನುಷ್ಯನ ಸಾವು ಬೇಕಾಯಿತು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗೇ ಬರಬೇಕಿತ್ತು ಅದು, ಮೊದಲಿಂದಾನೂ’ ಎಂದ. ಅವನಿಗೂ ಗೊತ್ತಿತ್ತು.

ಮೃದಂಗ ಬಂತು. ಎಡಗಡೆಯ ಚರ್ಮ ಬಿರಿದು, ಬಾರು ಸಡಿಲಾಗಿ, ಒಳಗೆ ಧೂಳು ತುಂಬಿತ್ತು. ಮುಚ್ಚಿಗೆ ಹೊಸದಾಗಿ ಕಟ್ಟಿಸಿದೆ. ನಮ್ಮ ಬಡಾವಣೆಯಲ್ಲೇ ಪಾಠ ಹೇಳುವ ಒಬ್ಬ ಗುರುಗಳು ಸಿಕ್ಕರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮೊದಲ ಪಾಠಕ್ಕೆ ಕೂತಾಗ ಮೊಣಕಾಲು ನೋಯುತ್ತಿತ್ತು, ಬಾಗಿಲ ಹಿಂದೆ ನಿಂತು ಕೇಳಿ ಬಾಯಿಗೆ ಬಂದಿದ್ದ ತ, ಧೀ, ತೋಂ, ನಂ ಕೈಗೆ ಬರಲು ಒಪ್ಪಲಿಲ್ಲ. ಬೆರಳು ಎಲ್ಲಿ ಬೀಳಬೇಕು, ಎಷ್ಟು ಬೇಗ ಏಳಬೇಕು ಎಂಬುದನ್ನು ಅವರು ನನ್ನ ಕೈ ಹಿಡಿದು ಒಂದೊಂದಾಗಿ ತೋರಿಸಿದರು. ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು.

ರವೆ ಕಲಸುವುದನ್ನು ಮಾತ್ರ ಅವರು ಹೇಳಿಕೊಡಬೇಕಾಗಲಿಲ್ಲ.